ಕಾಳಿ ದಂಡೆಯಲ್ಲಿ ದೋಣಿ ಕಟ್ಟುವ ಕ್ರಮ

ದಡಕ್ಕೆ ಕಟ್ಟಿದ ದೋಣಿ ನೀರು ಏರಿದರೆ ಏರಬೇಕು, ಇಳಿದರೆ ಇಳಿಯಬೇಕು. ಆದರೆ ಇದ್ದ ಜಾಗ ಬಿಟ್ಟು ಹೋಗಬಾರದು, ಜಟ್ಟಿಗೆ, ಅಂದರೆ ದೋಣಿ ನಿಲ್ಲುವ ಕಟ್ಟೆಗೆ, ಬಡಿಯಲೂಬಾರದು. ಒಂದು ಕಡೆ ಸಡಿಲ ಬೇಕು, ಇನ್ನೊಂದು ಕಡೆ ಹಿಡಿತ ಬೇಕು. ಹಗ್ಗದ ಕೆಲಸವೆಲ್ಲ ಈ ಎರಡರ ನಡುವೆ ನಡೆಯುತ್ತದೆ. ಎಳೆದು ಬಿಗಿದು ನಾಲ್ಕು ಗಂಟು ಹಾಕಿದರೆ ದೋಣಿ ಭದ್ರವಾಯಿತು ಎಂಬ ನಂಬಿಕೆ ಊರ ಕೆರೆಯಲ್ಲಿ ಹೇಗೋ ನಡೆದೀತು. ದಾಂಡೇಲಿ, ಜೋಯಿಡಾ ಸುತ್ತಿನ ಕಾಳಿ ನದಿಯಲ್ಲಿ ನಡೆಯುವುದಿಲ್ಲ. ಇಲ್ಲಿ ನೀರಿನ ಮಟ್ಟವನ್ನು ಮಳೆಯ ಜೊತೆಗೆ ವಿದ್ಯುದಾಗಾರವೂ ತೀರ್ಮಾನಿಸುತ್ತದೆ.

ಕಾಳಿ ಹುಟ್ಟುವುದು ಜೋಯಿಡಾ ತಾಲ್ಲೂಕಿನ ಡಿಗ್ಗಿ ಬಳಿ. ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ, ಸದಾಶಿವಗಡದ ಬುಡದಲ್ಲಿ, ಅರಬ್ಬಿ ಸಮುದ್ರ ಸೇರುತ್ತದೆ. ಆ ದಾರಿಯುದ್ದಕ್ಕೂ ಅಣೆಕಟ್ಟುಗಳ ಸಾಲು. ಮೊದಲನೆಯದು ಗಣೇಶಗುಡಿಯಲ್ಲಿರುವ ಸೂಪಾ ಅಣೆಕಟ್ಟು. ಇದರ ಎತ್ತರ 101 ಮೀಟರ್. ತುಂಬಿದಾಗ ಜಲಾಶಯದ ಮಟ್ಟ ಸಮುದ್ರದಿಂದ 564 ಮೀಟರ್, ಸಂಗ್ರಹ ಸುಮಾರು 145 ಟಿಎಂಸಿ. ಕಾಳಿಯೂ ಪಾಂಡ್ರಿಯೂ ಕೂಡುವಲ್ಲಿದ್ದ ಹಳೆಯ ಸೂಪಾ ಊರು ಈ ನೀರಿನಡಿ ಹೋಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಸೂಪಾದಿಂದ ಬಿಟ್ಟ ನೀರು ಕೆಳಗಿನ ಬೊಮ್ಮನಹಳ್ಳಿ ಜಲಾಶಯ ಸೇರಿ, ಅಲ್ಲಿಂದ ಅಂಬಿಕಾನಗರದ ನಾಗಝರಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಹಳಿಯಾಳ ತಾಲ್ಲೂಕಿನ ತಟ್ಟಿಹಳ್ಳ ಜಲಾಶಯದ ನೀರೂ ಬೊಮ್ಮನಹಳ್ಳಿಗೇ ಬರುತ್ತದೆ. ಘಟ್ಟ ಇಳಿದ ಮೇಲೆ ಕೊಡಸಳ್ಳಿ, ಕದ್ರಾ. ಅದರಾಚೆ ಸಮುದ್ರದ ಉಬ್ಬರ ಇಳಿತ.

ಹೀಗೆ ಒಂದೇ ನದಿಯಲ್ಲಿ ಮೂರು ಬಗೆಯ ನೀರು ಸಿಗುತ್ತದೆ. ಜಲಾಶಯಗಳ ಹಿನ್ನೀರು ತಿಂಗಳುಗಟ್ಟಲೆ ನಿಧಾನವಾಗಿ ಇಳಿದು, ಮಳೆಗಾಲದಲ್ಲಿ ಮತ್ತೆ ಏರುತ್ತದೆ. ಗಣೇಶಗುಡಿಯಿಂದ ದಾಂಡೇಲಿ ಕಡೆಗೆ ಹರಿಯುವ ಹೊಳೆ, ಸೂಪಾದ ಟರ್ಬೈನುಗಳು ಓಡಿದಾಗ ಏರುತ್ತದೆ, ನಿಂತಾಗ ಇಳಿಯುತ್ತದೆ. ಇದು ಗಂಟೆಗಳ ಲೆಕ್ಕ. ಕದ್ರಾದಿಂದ ಕೆಳಗೆ, ಕಡವಾಡ, ಸದಾಶಿವಗಡದ ಹತ್ತಿರ, ದಿನಕ್ಕೆ ಎರಡು ಸಲ ನೀರು ಏರಿಳಿಯುತ್ತದೆ. ಈ ಮೂರಕ್ಕೂ ಒಂದೇ ಬಗೆಯಲ್ಲಿ ಹಗ್ಗ ಕಟ್ಟುವುದು ತಪ್ಪು.

ಕಾಳಿಯಲ್ಲಿ ಕಾಣುವ ಎಲ್ಲ ದೋಣಿಗಳನ್ನೂ ಕಟ್ಟಿ ಇಡಬೇಕಾಗಿಲ್ಲ. ಗಣೇಶಗುಡಿಯ ರಾಫ್ಟಿಂಗಿನ ರಬ್ಬರ್ ದೋಣಿಗಳನ್ನು ಕೆಲಸ ಮುಗಿದ ಕೂಡಲೇ ನೀರಿನಿಂದ ಎತ್ತಿ ಗಾಡಿಗೆ ಹೇರುತ್ತಾರೆ. ಬಿದಿರಿನ ಹೆಣಿಗೆಯ ಹರಿಗೋಲನ್ನು ಒಬ್ಬನೇ ಬೆನ್ನ ಮೇಲೆ ಕವುಚಿಕೊಂಡು ದಡ ಹತ್ತಬಲ್ಲ. ನೀರಲ್ಲಿ ಬಿಡದೆ ಹೀಗೆ ಎತ್ತಿ ಒಯ್ಯುವುದೇ ಅವಕ್ಕೆ ಎಲ್ಲಕ್ಕಿಂತ ಭದ್ರವಾದ ಕ್ರಮ. ಹಗ್ಗದ ಪ್ರಶ್ನೆ ಬರುವುದು ಎತ್ತಲಾಗದ ದೋಣಿಗಳಿಗೆ: ಹಿನ್ನೀರಿನ ಮೋಟಾರು ಬೋಟು, ಮೀನುಗಾರರ ಫೈಬರ್ ಅಥವಾ ಮರದ ದೋಣಿ, ಕರಾವಳಿಯಲ್ಲಾದರೆ ಟ್ರಾಲ್ ಬೋಟು, ಪರ್ಸೀನ್ ಬೋಟು.

ಕಟ್ಟಿದ ದೋಣಿಯನ್ನು ಎಳೆಯುವ ಬಲಗಳು ಮುಖ್ಯವಾಗಿ ಎರಡು, ಗಾಳಿ ಮತ್ತು ಹರಿವು. ಆರು ಮೀಟರ್ ಉದ್ದದ ಒಂದು ದೋಣಿಯ ಪಕ್ಕೆಯಲ್ಲಿ, ನೀರಿನ ಮೇಲೆ, ಐದು ಚದರ ಮೀಟರಿನಷ್ಟು ಭಾಗ ಗಾಳಿಗೆ ಸಿಗುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 36 ಕಿ.ಮೀ. ಗಾಳಿ ಅದನ್ನು ಸುಮಾರು 30 ಕೆ.ಜಿ. ತೂಕದ ಬಲದಿಂದ ತಳ್ಳುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು, ಅಂದರೆ 120 ಕೆ.ಜಿ. ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರ. ಆದ್ದರಿಂದ ಹರಿವಿನ ಲೆಕ್ಕ ಬೇಗ ಹೆದರಿಸುತ್ತದೆ. ಅದೇ ದೋಣಿ ಹರಿವಿಗೆ ಅಡ್ಡಲಾಗಿ ನಿಂತಿದ್ದರೆ, ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು, ಅಂದರೆ ಮನುಷ್ಯ ನಿಧಾನ ನಡೆಯುವ ವೇಗ, ಅದರ ಮೇಲೆ ನೂರಿಪ್ಪತ್ತು ಕೆ.ಜಿ. ಹೇರುತ್ತದೆ. ವೇಗ ಇಮ್ಮಡಿಯಾದರೆ ಐದುನೂರು ಕೆ.ಜಿ.ಯ ಹತ್ತಿರ ಹೋಗುತ್ತದೆ. ದೋಣಿಯ ಮುಂತುದಿ ಹರಿವಿಗೆ ಎದುರಾಗಿದ್ದರೆ ಈ ಬಲದ ಹತ್ತರಲ್ಲಿ ಒಂದು ಪಾಲೂ ಬೀಳುವುದಿಲ್ಲ. ಇವೆಲ್ಲ ಸ್ಥೂಲ ಲೆಕ್ಕ, ದೋಣಿಯ ಆಕಾರಕ್ಕೆ ತಕ್ಕಂತೆ ಹೆಚ್ಚುಕಮ್ಮಿಯಾಗುತ್ತದೆ. ಆದರೂ ಹೊಳೆಯಲ್ಲಿ ಪಾಲಿಸಬೇಕಾದ ಮೊದಲ ನಿಯಮ ಇದರಿಂದಲೇ ಹೊರಡುತ್ತದೆ. ದೋಣಿಯ ಮುಖ ಮೇಲ್ದಂಡೆಯ ಕಡೆಗೆ, ನೀರು ಬರುವ ಕಡೆಗೆ ಇರಬೇಕು. ಮೊದಲು ಬೀಳುವ ಹಗ್ಗವೂ ಆ ಕಡೆಯದೇ ಆಗಿರಬೇಕು.

ಒಂದೇ ಹಗ್ಗದಲ್ಲಿ ಮುಂತುದಿಯನ್ನಷ್ಟೇ ಕಟ್ಟಿ ಹೋದರೆ ದೋಣಿ, ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ, ಹಗ್ಗ ಮುಟ್ಟುವಷ್ಟು ದೂರವೆಲ್ಲ ಸುತ್ತುತ್ತದೆ. ಹಾಗಾಗದಂತೆ ಜಟ್ಟಿಗೆ ಪಕ್ಕೆ ತಾಗಿ ನಿಲ್ಲಿಸಲು ನಾಲ್ಕು ಹಗ್ಗ ಬೇಕು. ಮುಂತುದಿಯಿಂದ ಮುಂದಕ್ಕೆ, ಜಟ್ಟಿಯ ಮೇಲೆ ಓರೆಯಾಗಿ ಹೋಗುವುದು ಒಂದು. ಹಿಂತುದಿಯಿಂದ ಹಿಂದಕ್ಕೆ ಹೋಗುವುದು ಇನ್ನೊಂದು. ಇವೆರಡು ದೋಣಿಯನ್ನು ಜಟ್ಟಿಯ ಹತ್ತಿರ ಹಿಡಿಯುತ್ತವೆ. ಜಟ್ಟಿಯ ಅಂಚಿಗೆ ಸುಮಾರು 45 ಡಿಗ್ರಿ ಓರೆ ಇದ್ದರೆ ಒಳ್ಳೆಯದು. ಆದರೆ ಇವೆರಡೇ ಇದ್ದರೆ ದೋಣಿ ಜಟ್ಟಿಯುದ್ದಕ್ಕೂ ಹಿಂದೆ ಮುಂದೆ ಜಾರುತ್ತದೆ, ತುದಿ ಹೊರಕ್ಕೆ ತಿರುಗುತ್ತದೆ. ಅದಕ್ಕಾಗಿ ಒಳಗಡೆ ಎರಡು ಉದ್ದದ ಓರೆ ಹಗ್ಗಗಳು. ನಾವಿಕರು ಇವನ್ನು ಸ್ಪ್ರಿಂಗ್ ಎನ್ನುತ್ತಾರೆ. ಒಂದು ದೋಣಿಯ ಮುಂಭಾಗದಿಂದ ಹಿಂದಕ್ಕೆ ಬಂದು ಜಟ್ಟಿಯ ನಡುವಿನಲ್ಲಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ಹಿಂಭಾಗದಿಂದ ಮುಂದಕ್ಕೆ ಹೋಗುತ್ತದೆ. ದೋಣಿ ಮುಂದಕ್ಕೆ ಜಾರಲು ನೋಡಿದರೆ ಮೊದಲನೆಯದು ತಡೆಯುತ್ತದೆ, ಹಿಂದಕ್ಕೆ ಜಾರಲು ನೋಡಿದರೆ ಎರಡನೆಯದು. ನಾಲ್ಕು ಹಗ್ಗವಿಲ್ಲದೆ ಎರಡೇ ಇದ್ದರೂ ಪರವಾಗಿಲ್ಲ ಎನ್ನುವವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಈ ಓರೆ ಹಗ್ಗಗಳನ್ನೇ. ಹರಿಯುವ ನೀರಿನಲ್ಲಿ ಬಿಡಬಾರದ್ದೂ ಇವುಗಳನ್ನೇ.

ಜಟ್ಟಿಗೆ ನೇರ ಅಡ್ಡಲಾಗಿ, ಒಂದು ಮೊಳದ ಗಿಡ್ಡ ಹಗ್ಗ ಬಿಗಿಯುವ ರೂಢಿಯೂ ಇದೆ. ಜನರನ್ನು ಹತ್ತಿಸಿ ಇಳಿಸುವಾಗ ಐದು ನಿಮಿಷದ ಮಟ್ಟಿಗೆ ಅದು ಅನುಕೂಲ. ಕಟ್ಟಿ ಮನೆಗೆ ಹೋಗುವವರಿಗೆ ಅದು ಅಪಾಯ. ಕಾರಣ ಸರಳ ಗಣಿತದಲ್ಲಿದೆ. ಜಟ್ಟಿಯ ಕಂಬದಿಂದ ದೋಣಿಯವರೆಗೆ ಹಗ್ಗದ ಉದ್ದ 2 ಮೀಟರ್ ಇದೆ, ನೀರು 2 ಮೀಟರ್ ಇಳಿಯುತ್ತದೆ ಎಂದುಕೊಳ್ಳೋಣ. ಆಗ ಹಗ್ಗ ಹೆಚ್ಚು ಕಡಿಮೆ 2.8 ಮೀಟರ್ ಆಗಬೇಕು. ಅಂದರೆ 80 ಸೆಂ.ಮೀ. ಹೆಚ್ಚಿಗೆ ಬಿಟ್ಟಿರದಿದ್ದರೆ ದೋಣಿ ನೇತಾಡುತ್ತದೆ. ಅಷ್ಟು ಬಿಟ್ಟರೆ ನೀರು ತುಂಬಿದಾಗ ಸಡಿಲವಾಗಿ ಎಲ್ಲೆಂದರಲ್ಲಿ ತೇಲುತ್ತದೆ. ಅದೇ ಹಗ್ಗ ಓರೆಯಾಗಿ 8 ಮೀಟರ್ ಇದ್ದಿದ್ದರೆ, ಅದೇ 2 ಮೀಟರ್ ಇಳಿತಕ್ಕೆ ಬೇಕಾಗುವುದು ಬರೀ 25 ಸೆಂ.ಮೀ. ಹೆಚ್ಚಿಗೆ. ನೈಲಾನ್ ಹಗ್ಗ ತಾನೇ ಹಿಗ್ಗಿ ಅದರಲ್ಲಿ ಒಂದಷ್ಟನ್ನು ಕೊಡುತ್ತದೆ. ನೀರು ಏರಿಳಿಯುವ ಎತ್ತರದ ಮೂರು ನಾಲ್ಕು ಪಟ್ಟು ಉದ್ದದ ಹಗ್ಗ ಇರಲಿ ಎಂಬ ರೂಢಿಯ ಮಾತಿನ ಹಿಂದೆ ಇರುವುದು ಇದೇ ಲೆಕ್ಕ.

ಕಾಳಿಯ ಮೂರು ನೀರುಗಳಿಗೆ ಈ ಲೆಕ್ಕ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಕಾರವಾರದ ಬಳಿ ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಉಬ್ಬರ ಇಳಿತಗಳ ಅಂತರ ಸುಮಾರು 2 ಮೀಟರಿನಷ್ಟು. ಒಂದು ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು. ಯಾವಾಗ ಎಷ್ಟು ಎಂಬುದು ಮೊದಲೇ ತಿಳಿದಿರುವುದರಿಂದ ಅಲ್ಲಿನ ಮೀನುಗಾರರಿಗೆ ಹಗ್ಗದ ಉದ್ದ ಕಣ್ಣಳತೆಯಲ್ಲೇ ಬರುತ್ತದೆ. ಗಣೇಶಗುಡಿಯ ಕೆಳಗಿನ ಹೊಳೆಗೆ ಅಂಥ ಪಂಚಾಂಗ ಇಲ್ಲ. ವಿದ್ಯುತ್ತಿಗೆ ಬೇಡಿಕೆ ಬಂದಾಗ ನೀರು ಬರುತ್ತದೆ. ರಾಫ್ಟಿಂಗಿನವರೂ ಈ ನೀರಿಗೇ ಕಾಯುವವರು. ಮಧ್ಯಾಹ್ನ ಬಂಡೆ ಕಾಣುತ್ತಿದ್ದ ಜಾಗದಲ್ಲಿ ಸಂಜೆ ನೊರೆ ಹರಿಯುತ್ತಿರಬಹುದು. ಇಲ್ಲಿ ಎರಡು ಕೇಡು. ನೀರು ಇಳಿದಾಗ ಗಿಡ್ಡ ಹಗ್ಗದ ದೋಣಿ ಒಂದು ಪಕ್ಕಕ್ಕೆ ನೇತು ವಾಲುತ್ತದೆ. ಏರಿದಾಗ ಅಂಚು ಜಟ್ಟಿಯ ತೊಲೆಯಡಿ ಸಿಕ್ಕಿಕೊಂಡು, ನೀರು ಒಳನುಗ್ಗಿ, ಕಟ್ಟಿದಲ್ಲೇ ಮುಳುಗುತ್ತದೆ. ಎರಡನೆಯದನ್ನು ಜನ ಊಹಿಸುವುದು ಕಡಿಮೆ. ಸ್ಥಿರ ಜಟ್ಟಿಗೆ ಕಟ್ಟಬೇಕಾದಾಗ ತೊಲೆ ಚಾಚಿಕೊಂಡಿರುವ ಕಡೆ ಬಿಟ್ಟು, ನೆಟ್ಟಗೆ ಕಂಬ ಅಥವಾ ಗೋಡೆ ಇರುವ ಕಡೆಯಲ್ಲೇ ನಿಲ್ಲಿಸಬೇಕು. ಕಂಬಕ್ಕೆ ದೊಡ್ಡ ಕಬ್ಬಿಣದ ಉಂಗುರ ಹಾಕಿ ಅದಕ್ಕೆ ಹಗ್ಗ ಕಟ್ಟಿದರೆ ಉಂಗುರ ನೀರಿನ ಜೊತೆ ಮೇಲೆ ಕೆಳಗೆ ಜಾರುತ್ತದೆ. ಕಂಬ ನುಣುಪಾಗಿದ್ದು, ತುದಿಯಲ್ಲಿ ಉಂಗುರ ಕಳಚಿಹೋಗದಂತೆ ಅಡ್ಡಿ ಇದ್ದರೆ ಇದು ಒಳ್ಳೆಯ ಉಪಾಯ.

ಹಿನ್ನೀರಿನ ಕಥೆ ಇನ್ನೊಂದು. ಸೂಪಾದ ನೀರು ದಿನಕ್ಕೆ ಇಂತಿಷ್ಟೇ ಎಂಬಂತೆ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೇಸಿಗೆಯ ಹೊತ್ತಿಗೆ ದಡ ಎಷ್ಟೋ ದೂರ ಸರಿದಿರುತ್ತದೆ. ವಾರಗಟ್ಟಲೆ ಮುಟ್ಟದೆ ಬಿಟ್ಟ ದೋಣಿ ಕೆಸರಿನಲ್ಲಿ ಕೂತಿರುತ್ತದೆ. ಇಂಥಲ್ಲಿ ತೇಲುವ ಜಟ್ಟಿಯೇ ಸರಿ. ಪ್ಲಾಸ್ಟಿಕ್ ಡಬ್ಬಗಳನ್ನು ಜೋಡಿಸಿದ ತೇಲುಜಟ್ಟಿ ದೋಣಿಯ ಜೊತೆಗೇ ಏರಿಳಿಯುವುದರಿಂದ ದೋಣಿಯ ಹಗ್ಗ ಗಿಡ್ಡವಿದ್ದರೂ ನಡೆಯುತ್ತದೆ. ಚಿಂತೆ ಮಾತ್ರ ಜಟ್ಟಿಯ ಹಗ್ಗಕ್ಕೆ ವರ್ಗವಾಗುತ್ತದೆ: ಅದನ್ನು ದಡಕ್ಕೆ ಹಿಡಿದಿರುವ ಹಗ್ಗ, ಲಂಗರುಗಳನ್ನು ನೀರು ಇಳಿದಂತೆ ಸರಿಸುತ್ತಿರಬೇಕು. ಮುಳುಗಡೆಯಾದ ಕಾಡಿನ ಒಣಮರಗಳು ಸೂಪಾದ ನೀರಿನಿಂದ ಮೇಲೆದ್ದು ನಿಂತಿರುತ್ತವೆ. ಹಗ್ಗ ಸಿಕ್ಕಿಸಲು ಅವು ಕೈಗೆ ಸಿಗುವಂತೆ ತೋರುತ್ತವೆ. ನೀರಿನ ಅಂಚಿನಲ್ಲಿ ನೆನೆದು ಒಣಗಿ ಕೊಳೆತ ಬೊಡ್ಡೆಯನ್ನು ನಂಬಬಾರದು. ದಡದ ಜೀವಂತ ಮರಕ್ಕೆ ಕಟ್ಟುವುದಾದರೆ ಬುಡಕ್ಕೆ ಹತ್ತಿರ, ಗೋಣಿಚೀಲ ಸುತ್ತಿ, ತೊಗಟೆ ಕೊರೆಯದಂತೆ ಕಟ್ಟಬೇಕು. ಗೂಟ ಹೊಡೆಯುವುದಾದರೆ ಅದು ನೀರಿಗೆ ಬೆನ್ನು ಮಾಡಿ ವಾಲಿರಬೇಕು, ಹಗ್ಗ ನೆಲಮಟ್ಟದಲ್ಲಿರಬೇಕು.

ಹಗ್ಗ ಯಾವುದು? ಕರಾವಳಿಯಲ್ಲಿ ಹಿಂದೆ ತೆಂಗಿನ ನಾರಿನ ಹಗ್ಗವೇ ಎಲ್ಲ ಕೆಲಸಕ್ಕೂ ಬರುತ್ತಿತ್ತು. ಅದು ಉಪ್ಪುನೀರನ್ನು ತಾಳುತ್ತದೆ, ತೇಲುತ್ತದೆ, ಚೆನ್ನಾಗಿ ಹಿಗ್ಗುತ್ತದೆ. ಬಲ ಮಾತ್ರ ಇಂದಿನ ಹಗ್ಗಗಳ ಅರ್ಧಕ್ಕೂ ಸಾಲದು. ಈಗ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಬಣ್ಣಬಣ್ಣದ ಪ್ಲಾಸ್ಟಿಕ್ ಹಗ್ಗ, ಅಂದರೆ ಪಾಲಿಪ್ರೊಪಿಲೀನ್. ನೀರು ಹೀರುವುದಿಲ್ಲ, ತೇಲುತ್ತದೆ. ಆದರೆ ನುಣುಪಾದ್ದರಿಂದ ಗಂಟು ಜಾರುತ್ತದೆ, ಬಿಸಿಲಿಗೆ ಎಳೆಗಳು ಪುಡಿಯಾಗುತ್ತವೆ. ಒಂದು ಬೇಸಿಗೆ ಕಳೆದ ಇಂಥ ಹಗ್ಗವನ್ನು ಮುಷ್ಟಿಯಲ್ಲಿ ತಿರುಚಿದರೆ ಅಂಗೈಗೆ ಬಣ್ಣದ ಪುಡಿ ಹತ್ತುತ್ತದೆ. ಆ ಹಗ್ಗಕ್ಕೆ ದೋಣಿ ಒಪ್ಪಿಸುವ ಕಾಲ ಮುಗಿದಿದೆ. ದೋಣಿ ಕಟ್ಟಲು ಎಲ್ಲಕ್ಕಿಂತ ಯೋಗ್ಯವಾದದ್ದು ನೈಲಾನ್. ಒದ್ದೆಯಾದಾಗ ಅದರ ಬಲ ಹತ್ತು ಹದಿನೈದು ಪ್ರತಿಶತ ಕುಗ್ಗುತ್ತದೆ ನಿಜ, ಆದರೆ ಅದರ ನಿಜವಾದ ಗುಣ ಹಿಗ್ಗುವಿಕೆಯಲ್ಲಿದೆ.

ಹಿಗ್ಗಿದರೆ ಏನು ಲಾಭ ಎಂಬುದನ್ನು ಹೀಗೆ ನೋಡಬಹುದು. ಒಂದು ಟನ್ ತೂಕದ ದೋಣಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಸರಿದು ಹಗ್ಗದ ತುದಿ ಮುಟ್ಟುತ್ತದೆ. ಹಗ್ಗ ಹಿಗ್ಗದೆ ಐದು ಸೆಂಟಿಮೀಟರಿನಲ್ಲೇ ಅದನ್ನು ನಿಲ್ಲಿಸಿದರೆ ಬೀಳುವ ಸರಾಸರಿ ಸೆಳೆತ ಸುಮಾರು 250 ಕೆ.ಜಿ. ಐವತ್ತು ಸೆಂಟಿಮೀಟರ್ ಹಿಗ್ಗುತ್ತ ನಿಲ್ಲಿಸಿದರೆ 25 ಕೆ.ಜಿ. ಹಗ್ಗ ಹರಿಯುವುದು, ದೋಣಿಯ ಮೇಲೆ ಹಗ್ಗ ಸುತ್ತುವ ಕ್ಲೀಟ್ ಕಿತ್ತು ಬರುವುದು ಹೆಚ್ಚಾಗಿ ಇಂಥ ಹಠಾತ್ ಜಗ್ಗಾಟದಿಂದಲೇ. ಆರರಿಂದ ಎಂಟು ಮೀಟರಿನ ದೋಣಿಗೆ 10ರಿಂದ 12 ಮಿಲಿಮೀಟರ್ ದಪ್ಪದ ನೈಲಾನ್ ಸಾಕು. ಅದಕ್ಕಿಂತ ತೀರ ದಪ್ಪ ತಂದರೆ ಭದ್ರತೆ ಹೆಚ್ಚುವುದಿಲ್ಲ. ದಪ್ಪ ಹಗ್ಗ ಹಿಗ್ಗುವುದು ಕಡಿಮೆ, ಜಗ್ಗಾಟವೆಲ್ಲ ದೋಣಿಯ ಕ್ಲೀಟಿನ ಬೋಲ್ಟುಗಳ ಮೇಲೆ ಹೋಗುತ್ತದೆ.

ಹಗ್ಗ ಎಷ್ಟೇ ಗಟ್ಟಿ ಇರಲಿ, ಗಂಟು ಬಿದ್ದ ಕಡೆ ಅದು ದುರ್ಬಲ. ಬಿಗುವಾಗಿ ಮಡಿದ ಎಳೆಗಳ ಮೇಲೆ ಭಾರ ಸಮನಾಗಿ ಬೀಳುವುದಿಲ್ಲ. ಗಂಟಿನಿಂದ ಹಗ್ಗದ ಬಲ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಹೋಗಬಹುದು. ಆದ್ದರಿಂದ ಗಂಟುಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ಹಿಡಿತ ಕೊಡುವುದು ಸುತ್ತು. ಕಾಂಕ್ರೀಟಿನಲ್ಲಿ ಹೂತ ಗಿಡ್ಡ ಕಬ್ಬಿಣದ ಕಂಬಕ್ಕೆ ಹಗ್ಗವನ್ನು ಒಂದು ಪೂರ್ತಿ ಸುತ್ತು ಹಾಕಿದರೆ, ಘರ್ಷಣೆಯಿಂದಾಗಿ, ಕೈಯಲ್ಲಿ ಹಿಡಿದ ಬಲದ ನಾಲ್ಕೈದು ಪಟ್ಟು ಸೆಳೆತವನ್ನು ತಡೆಯಬಹುದು. ಎರಡನೆಯ ಸುತ್ತಿಗೆ ಇದು ಮತ್ತೆ ನಾಲ್ಕೈದು ಪಟ್ಟಾಗುತ್ತದೆ, ಒಟ್ಟು ಇಪ್ಪತ್ತರ ಆಚೀಚೆ. ಮೂರು ಸುತ್ತಿಗೆ ನೂರರ ಹತ್ತಿರ. ಬರಿಗೈಯಲ್ಲಿ ಹತ್ತು ಕೆ.ಜಿ. ಹಿಡಿತವಿರುವವನು ಎರಡು ಸುತ್ತಿನಲ್ಲಿ ಎರಡು ಕ್ವಿಂಟಾಲ್ ಸೆಳೆತದ ದೋಣಿಯನ್ನು ನಿಲ್ಲಿಸುವುದು ಹೀಗೆ. ಸುತ್ತು ಹಾಕದೆ ಹಗ್ಗ ಹಿಡಿದು ಎಳೆದಾಡುವವರ ಅಂಗೈ ಸುಡುವುದೂ ಇದೇ ಕಾರಣಕ್ಕೆ.

ಕಲಿಯಬೇಕಾದ ಕಟ್ಟುಗಳು ಮೂರೇ. ಮೊದಲನೆಯದು ಕ್ಲೀಟಿನ ಕಟ್ಟು. ಕ್ಲೀಟ್ ಎಂದರೆ ಎರಡು ಕೊಂಬಿನ ಕಬ್ಬಿಣದ ಹಿಡಿ. ಬಂದ ಹಗ್ಗವನ್ನು ಮೊದಲು ದೂರದ ಕೊಂಬಿನ ಹೊರಗಿನಿಂದ ತಂದು ಬುಡಕ್ಕೆ ಒಂದು ಪೂರ್ತಿ ಸುತ್ತು ಹಾಕಬೇಕು. ಆಮೇಲೆ ಕೊಂಬುಗಳ ಮೇಲೆ ಎಂಟರ ಅಂಕಿಯಂತೆ ಒಂದು ಸಲ ಓರೆಯಾಗಿ ದಾಟಿಸಿ, ಕೊನೆಯ ಸುತ್ತನ್ನು ತಿರುವಿ ಕೊಂಬಿಗೆ ಸಿಕ್ಕಿಸಿದರೆ ಮುಗಿಯಿತು. ಹತ್ತು ಎಂಟುಗಳನ್ನು ಪೇರಿಸುವುದು ವ್ಯರ್ಥ. ಅವಸರದಲ್ಲಿ ಬಿಚ್ಚಲು ತೊಡಕು. ಎರಡನೆಯದು ಜಾರದ ಕುಣಿಕೆ, ನಾವಿಕರ ಬೋಲೈನ್. ಉದ್ದದ ಹಗ್ಗದಲ್ಲಿ ಒಂದು ಚಿಕ್ಕ ಕಣ್ಣು ಮಾಡಿ, ತುದಿಯನ್ನು ಅಡಿಯಿಂದ ಕಣ್ಣಿನೊಳಗೆ ತೂರಿಸಿ ಮೇಲೆ ತಂದು, ಉದ್ದದ ಹಗ್ಗದ ಹಿಂದಿನಿಂದ ಸುತ್ತಿಸಿ, ಮತ್ತೆ ಅದೇ ಕಣ್ಣಿನೊಳಗೆ ಇಳಿಸಿ ಎಳೆಯಬೇಕು. ಈ ಕುಣಿಕೆ ಎಷ್ಟು ಜಗ್ಗಿದರೂ ಕಿರಿದಾಗುವುದಿಲ್ಲ, ಭಾರ ಇಳಿದ ಮೇಲೆ ಸುಲಭವಾಗಿ ಬಿಚ್ಚುತ್ತದೆ. ಜಟ್ಟಿಯ ಕಂಬಕ್ಕೆ ತೊಡಿಸಲು ಇದು ಸರಿ. ಜೀರುಗುಣಿಕೆ ಹಾಕುವುದು ಸರಿಯಲ್ಲ. ಭಾರ ಬಿದ್ದಂತೆ ಅದು ಕಂಬಕ್ಕೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಮೂರನೆಯದು ಉಂಗುರಕ್ಕೋ ಮರಕ್ಕೋ ಎರಡು ಸುತ್ತು ಹಾಕಿ, ಉದ್ದದ ಹಗ್ಗದ ಮೇಲೆ ಎರಡು ಅರೆಗಂಟು ಬಿಗಿಯುವ ಕಟ್ಟು.

ಎರಡು ತುದಿಗಳಲ್ಲಿ ಒಂದಾದರೂ ಭಾರ ಬಿದ್ದಿರುವಾಗಲೂ ಬಿಚ್ಚುವಂತಿರಬೇಕು. ಜಾರದ ಕುಣಿಕೆಯನ್ನು ಹಗ್ಗ ಬಿಗಿದಿರುವಾಗ ಬಿಚ್ಚಲಾಗದು. ಅದಕ್ಕೇ ಕುಣಿಕೆ ಜಟ್ಟಿಯ ಕಡೆ, ಕ್ಲೀಟಿನ ಕಟ್ಟು ದೋಣಿಯ ಕಡೆ ಎಂಬ ಕ್ರಮ. ನೀರು ದಿಢೀರನೆ ಏರಿದರೆ ದೋಣಿಯಲ್ಲಿ ನಿಂತೇ ಹಗ್ಗ ಬಿಡಬಹುದು. ಕೈಗೆ ಸಿಗುವಲ್ಲಿ ಹರಿತವಾದ ಚೂರಿಯೂ ಒಂದಿರಬೇಕು.

ಜಟ್ಟಿ ಮತ್ತು ದೋಣಿಯ ನಡುವೆ ಮೆತ್ತೆ ಬೇಕು. ನಮ್ಮ ಬಂದರುಗಳಲ್ಲಿ ಈ ಕೆಲಸಕ್ಕೆ ಹಳೆಯ ಟೈರುಗಳೇ. ಫೈಬರ್ ದೋಣಿಗೆ ಟೈರಿನ ಕಪ್ಪು ಹತ್ತುತ್ತದೆ, ಅಷ್ಟೇ ದೋಷ. ಸ್ಥಿರ ಜಟ್ಟಿಯಾದರೆ ಮೆತ್ತೆಯನ್ನು ದೋಣಿಗೆ ಕಟ್ಟಿರಬೇಕು. ಜಟ್ಟಿಗೆ ಕಟ್ಟಿದರೆ ನೀರು ಇಳಿದಾಗ ಟೈರು ಮೇಲೆ, ದೋಣಿ ಕೆಳಗೆ. ಹಗ್ಗ ಕಾಂಕ್ರೀಟಿನ ಮೂಲೆಗೆ ಉಜ್ಜುವಲ್ಲಿ ಹಳೆಯ ನೀರಿನ ಪೈಪನ್ನು ಸೀಳಿ ತೊಡಿಸಬೇಕು. ಹೀಗೆ ಒಂದೇ ಜಾಗದಲ್ಲಿ ದಿನವೂ ಉಜ್ಜಿ ಸವೆದು ಹರಿಯುವ ಹಗ್ಗಗಳೂ ಕಡಿಮೆಯಲ್ಲ.

ದಡಕ್ಕೆ ಬರುವ ಮೊದಲೇ ಹಗ್ಗಗಳು ಕ್ಲೀಟಿಗೆ ಕಟ್ಟಿ, ತೊಡಕಿಲ್ಲದೆ ಸುರುಳಿ ಮಾಡಿ ಸಿದ್ಧವಿರಬೇಕು, ಟೈರುಗಳು ಇಳಿಬಿದ್ದಿರಬೇಕು. ಹೊಳೆಯಲ್ಲಿ ಹರಿವಿಗೆ ಎದುರಾಗಿ, ಹಿನ್ನೀರಿನಲ್ಲಿ ಗಾಳಿಗೆ ಎದುರಾಗಿ ನಿಧಾನವಾಗಿ ಬರಬೇಕು. ಎದುರು ಬಂದಾಗ ಹರಿವೇ ದೋಣಿಯನ್ನು ನಿಧಾನಿಸುತ್ತದೆ, ಚುಕ್ಕಾಣಿಯೂ ಮಾತು ಕೇಳುತ್ತದೆ. ಮುಂತುದಿಯ ಹಗ್ಗ ಮೊದಲು ಜಟ್ಟಿ ಸೇರಿ ಒಂದು ಸುತ್ತು ಬೀಳಬೇಕು, ಆಮೇಲೆ ಹಿಂತುದಿಯದು, ಬಳಿಕ ಓರೆ ಹಗ್ಗಗಳು. ನಾಲ್ಕೂ ಬಿದ್ದು ದೋಣಿ ನಿಂತ ಮೇಲೆಯೇ ಮೋಟಾರು ನಿಲ್ಲಿಸುವುದು. ಹಗ್ಗ ಹಿಡಿದು ಜಟ್ಟಿಗೆ ಹಾರುವ ಚಾಳಿ ಒಳ್ಳೆಯದಲ್ಲ, ದೋಣಿ ತಾಗಿದ ಮೇಲೆ ಹೆಜ್ಜೆ ಇಟ್ಟು ಇಳಿಯಬೇಕು. ಜಟ್ಟಿಗೆ ಬಡಿಯಲಿರುವ ದೋಣಿಯನ್ನು ಕೈಕಾಲಿನಿಂದ ತಡೆಯಬಾರದು. ಒಂದು ಟನ್ ತೂಕ ನಿಧಾನವಾಗಿ ಬಂದರೂ ಮೂಳೆ ಮುರಿಯುತ್ತದೆ. ಸೊಂಟದುದ್ದ ನೀರಿಗಿಳಿದು ಗಂಟು ಸರಿಮಾಡುವ ಧೈರ್ಯ ದಾಂಡೇಲಿಯ ಬಳಿಯಂತೂ ಬೇಡ, ಅಲ್ಲಿನ ಕಾಳಿಯಲ್ಲಿ ಮೊಸಳೆಗಳಿವೆ. ಜಗ್ಗಿ ನಿಂತ ನೈಲಾನ್ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಹಿಗ್ಗುವ ಗುಣವೇ ಇಲ್ಲಿ ಕೇಡು: ಹರಿದ ತುದಿ ಚಾವಟಿಗಿಂತ ಜೋರಾಗಿ ಹಿಂದಕ್ಕೆ ಬೀಸುತ್ತದೆ.

ಮಳೆಗಾಲ ಈ ಎಲ್ಲ ನಿಯಮಗಳನ್ನೂ ಮೀರುತ್ತದೆ. ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ರಾಜ್ಯದಲ್ಲಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಹತ್ತು ಚದರ ಮೀಟರಿನಷ್ಟು ತೆರೆದ ಒಡಲಿನ ದೋಣಿಯಲ್ಲಿ 100 ಮಿ.ಮೀ. ಮಳೆ ಬಿದ್ದರೆ ಒಳಗೆ ನಿಲ್ಲುವುದು ಒಂದು ಸಾವಿರ ಲೀಟರ್, ಒಂದು ಟನ್ ನೀರು. ಘಟ್ಟದ ಮೇಲೆ ಇಷ್ಟು ಮಳೆ ಒಂದು ರಾತ್ರಿಯ ಮಾತು. ಹಗ್ಗ ಎಷ್ಟೇ ಗಟ್ಟಿ ಇರಲಿ, ನೀರು ಎತ್ತಿ ಹೊರಚೆಲ್ಲದ ದೋಣಿ ಬೆಳಿಗ್ಗೆ ತಳದಲ್ಲಿರುತ್ತದೆ. ಅದರ ಮೇಲೆ ನೆರೆ. 2019ರ ಆಗಸ್ಟಿನಲ್ಲಿ ಕಾಳಿ ಕಣಿವೆಯಲ್ಲಿ ನೆರೆ ಬಂತು. 2021ರ ಜುಲೈನಲ್ಲಿ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ನೆರೆಯ ನೀರು ಬುಡಸಮೇತ ಬಿದಿರು ಮೆಳೆ, ಮರದ ದಿಮ್ಮಿಗಳನ್ನು ಹೊತ್ತು ತರುತ್ತದೆ. ಅವು ದೋಣಿಯ ಮುಂದೆ ಸಿಕ್ಕಿಕೊಂಡರೆ ಹಗ್ಗದ ಮೇಲಿನ ಸೆಳೆತ ಲೆಕ್ಕಕ್ಕೆ ಸಿಗುವುದಿಲ್ಲ. ಮೇ ಕೊನೆಯೊಳಗೆ ದೋಣಿಯನ್ನು ದಡದ ಮೇಲೆ, ಹಳೆಯ ನೆರೆಯ ಗುರುತಿಗಿಂತ ಎತ್ತರಕ್ಕೆ ಎಳೆದು, ಕವುಚಿ, ಅಲ್ಲಿಯೂ ಮರಕ್ಕೊಂದು ಹಗ್ಗ ಹಾಕಿಡುವುದೊಂದೇ ದಾರಿ.

ಕಾಳಿಯ ಇನ್ನೊಂದು ತುದಿಯಲ್ಲಿ ಎಳೆಯಲಾಗದ ದೊಡ್ಡ ಬೋಟುಗಳಿವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕಾರವಾರದ ಬೈತಖೋಲ್ ಬಂದರಿನಲ್ಲಿ ಆಗ ಬೋಟುಗಳು ಪಕ್ಕದಲ್ಲಿ ಪಕ್ಕ ನಿಂತು ಮುಂಗಾರಿನ ಗಾಳಿಯನ್ನೆಲ್ಲ ಹಗ್ಗದ ಮೇಲೆಯೇ ಕಳೆಯುತ್ತವೆ. ಚಂಡಮಾರುತದ ಮುನ್ಸೂಚನೆ ಬಂದರೆ ಹೊರಗಿನ ಬೋಟುಗಳೂ ಸೇರಿಕೊಳ್ಳುತ್ತವೆ. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತದ ಹೊತ್ತಿಗೆ ಬೇರೆ ರಾಜ್ಯಗಳ ಬೋಟುಗಳೂ ಇಲ್ಲಿ ಆಶ್ರಯ ಪಡೆದಿದ್ದವು. ಸಾಲಿನಲ್ಲಿ ನಿಂತಾಗ ಹೊರಗಿನ ಬೋಟನ್ನು ಒಳಗಿನ ಬೋಟಿಗೆ ಮಾತ್ರ ಕಟ್ಟಿ ಬಿಟ್ಟರೆ ಐದಾರು ಬೋಟುಗಳ ಭಾರವೆಲ್ಲ ಧಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ತಾಗಿದ ಒಂದೇ ಬೋಟಿನ ಹಗ್ಗಗಳ ಮೇಲೆ ಬೀಳುತ್ತದೆ. ಪ್ರತಿ ಬೋಟಿನಿಂದಲೂ ಮುಂದೊಂದು, ಹಿಂದೊಂದು ಹಗ್ಗ ನೇರವಾಗಿ ಧಕ್ಕೆಗೇ ಹೋಗಿರಬೇಕು. ಹತ್ತಿರದಲ್ಲೇ ಇರುವ ಐಎನ್‌ಎಸ್ ಕದಂಬ ನೌಕಾನೆಲೆಯಲ್ಲಿ ನಿಲ್ಲುವ ಯುದ್ಧನೌಕೆಗಳಿಗೂ ಮುಂದಿನದು, ಹಿಂದಿನದು, ಓರೆಯದು ಎಂಬ ಇದೇ ಜೋಡಣೆ. ಹಗ್ಗಗಳ ಸಂಖ್ಯೆ ಮತ್ತು ದಪ್ಪ ಮಾತ್ರ ಬೇರೆ.

ಬಿಚ್ಚುವಾಗ ಕ್ರಮ ತಿರುಗುಮುರುಗು. ಮೋಟಾರು ಓಡಲು ಶುರುವಾದ ಮೇಲೆ, ಭಾರವಿಲ್ಲದ ಹಗ್ಗ ಮೊದಲು, ಹರಿವನ್ನು ತಡೆದಿರುವ ಹಗ್ಗ ಕೊನೆಗೆ. ಬಿಚ್ಚಿದ ಪ್ರತಿಯೊಂದೂ ಒಳಗೆ ಬಂದಿದೆಯೆಂದು ನೋಡಿಯೇ ಗೇರ್ ಹಾಕಬೇಕು, ನೀರಿಗೆ ಬಿದ್ದ ತುದಿ ನೇರ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಹಗ್ಗವನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ ತೂಗುಹಾಕಿದರೆ ಬಾಳಿಕೆ ಹೆಚ್ಚು. ಮಳೆಗಾಲ ಕಳೆದು ದೋಣಿ ಮತ್ತೆ ನೀರಿಗಿಳಿಯುವ ಮೊದಲು ಇಡೀ ಹಗ್ಗವನ್ನು ಮೊಳಮೊಳವಾಗಿ ಕೈಯಲ್ಲಿ ಹಾಯಿಸಿ ನೋಡಬೇಕು. ಒಂದು ಎಳೆ ಹರಿದಿದ್ದರೆ, ಒಂದು ಕಡೆ ತೆಳುವಾಗಿದ್ದರೆ, ಅಲ್ಲಿ ಕತ್ತರಿಸಿ ಉಳಿದದ್ದನ್ನು ಸಣ್ಣ ಕೆಲಸಕ್ಕೆ ಇಟ್ಟುಕೊಂಡು ದೋಣಿಗೆ ಹೊಸದನ್ನೇ ತರಬೇಕು. ದೋಣಿಯ ಬೆಲೆಯ ಮುಂದೆ ನಾಲ್ಕು ಹಗ್ಗಗಳ ಬೆಲೆ ಲೆಕ್ಕಕ್ಕಿಲ್ಲ.